ನೂಲಿನಂಥ ಸೂಪರ್‌ಕೆಪಾಸಿಟರ್: ಕಲಬುರಗಿ ಬಿಸಿಲಿಗೆ ಜೆಲ್ ಒಣಗದ ಹಾಗೆ

ಸೂಪರ್‌ಕೆಪಾಸಿಟರ್ ಎಂದರೆ ವಿದ್ಯುತ್ತನ್ನು ತುಂಬಿಟ್ಟುಕೊಂಡು ಬೇಗ ಬಿಟ್ಟುಕೊಡುವ ಸಾಧನ. ಎರಡು ಕಾರ್ಬನ್ ನೂಲುಗಳ ನಡುವೆ ಅಯಾನುಗಳು (ವಿದ್ಯುದಂಶವಿರುವ ಕಣಗಳು) ಓಡಾಡುವ ಜೆಲ್ ಹಾಕಿ ಹೊಸೆದರೆ ಅದು ನೂಲಿನ ರೂಪದಲ್ಲೇ ಸಿಗುತ್ತದೆ. ನೂಲಿಗೆ ನಾವು ಬಳಸುವುದು 3ಕೆ ಕಾರ್ಬನ್ ಫೈಬರ್. ಸುಮಾರು 7 ಮೈಕ್ರಾನ್ ದಪ್ಪದ 3,000 ಎಳೆಗಳ ಕಟ್ಟು ಅದು. 12 ಸೆಂ.ಮೀ. ಉದ್ದದ ಎರಡು ತುಂಡು ಸಾಕು. ಮೇಲಿನ ಎಪಾಕ್ಸಿ ಲೇಪ ಹೋಗಲು ರಾತ್ರಿಯಿಡೀ ಅಸಿಟೋನಿನಲ್ಲಿ ನೆನೆಸಿ. ಎಳೆಗಳು ಬಿಡಿಬಿಡಿಯಾಗಿ ಹರಡಿದರೆ ಲೇಪ ಹೋಯಿತೆಂದೇ ಲೆಕ್ಕ.

ನೂಲಿನ ಮೇಲೆ ಬಳಿಯಲು ಆಕ್ಟಿವೇಟೆಡ್ ಕಾರ್ಬನ್ (ತುಂಬ ಸಣ್ಣ ರಂಧ್ರಗಳಿರುವ ಇದ್ದಿಲು) 80 ಮಿ.ಗ್ರಾಂ, ಕಾರ್ಬನ್ ಬ್ಲ್ಯಾಕ್ (ವಿದ್ಯುತ್ ಹರಿಸುವ ಮಸಿ) 10, ಪಿವಿಡಿಎಫ್ (ಅಂಟಿನಂತೆ ಹಿಡಿದಿಡುವ ಪ್ಲಾಸ್ಟಿಕ್) 10. ಇವನ್ನು ಎನ್‌ಎಂಪಿ ಎಂಬ ದ್ರಾವಕದಲ್ಲಿ ಅರೆದು ತೆಳ್ಳಗೆ ಎರಡು ಸಲ ಬಳಿದು 80 ಡಿಗ್ರಿ ಓವನ್ನಿನಲ್ಲಿ ಒಣಗಿಸುತ್ತೇವೆ. ಒಂದೇ ಸಲ ದಪ್ಪಗೆ ಬಳಿದರೆ ಬಾಗಿಸಿದಾಗ ಉದುರುತ್ತದೆ. ಎನ್‌ಎಂಪಿ ಗರ್ಭದಲ್ಲಿರುವ ಮಗುವಿಗೆ ಅಪಾಯಕಾರಿ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್, ಕೈಗವಸು ಇಲ್ಲದೆ ಮುಟ್ಟಬೇಡಿ. (ನಮ್ಮ ಕಡೆ ಬೇಕಾದಷ್ಟು ಸಿಗುವ ತೊಗರಿ ಕಟ್ಟಿಗೆಯಿಂದಲೂ ಕಾರ್ಬನ್ ಮಾಡಬಹುದು. ಬೂದಿಯ ಅಂಶವನ್ನು ಆಮ್ಲದಲ್ಲಿ ಚೆನ್ನಾಗಿ ತೊಳೆದಿರಬೇಕು, ಅಷ್ಟೆ.)

ಜೆಲ್‌ಗೆ 10 ಮಿ.ಲೀ. ನೀರು, 1 ಗ್ರಾಂ ಪಿವಿಎ (ನೀರಿನಲ್ಲಿ ಕರಗುವ ಪಾಲಿಮರ್ ಪುಡಿ). ತಣ್ಣೀರಿಗೆ ಪುಡಿ ಉದುರಿಸಿ, ಆಮೇಲೆ 85–90 ಡಿಗ್ರಿಗೆ ಏರಿಸಿ ತಿರುಗಿಸುತ್ತಿರಿ. ಬಿಸಿನೀರಿಗೇ ಸುರಿದರೆ ಗಂಟು ಕಟ್ಟುತ್ತದೆ. ಪಾತ್ರೆಗೆ ಮುಚ್ಚಳ ಬೇಕು, ಆವಿಯಾದ ನೀರನ್ನು ತೂಕ ನೋಡಿ ತುಂಬಿ. ತಿಳಿಯಾಗಿ ತಣಿದ ಮೇಲೆ 1 ಗ್ರಾಂ ಫಾಸ್ಫಾರಿಕ್ ಆಮ್ಲ ಬೆರೆಸಿ.

ಕೆಲಸ ಕೆಡುವುದು ಹೆಚ್ಚಾಗಿ ಇಲ್ಲಿಂದ ಮುಂದೆ. ನೂಲುಗಳನ್ನು ಬೇರೆ ಬೇರೆಯಾಗಿ ಜೆಲ್‌ನಲ್ಲಿ ಅದ್ದಿ, ಬೆರಳಿಗೆ ತುಸು ಅಂಟುವ ಹದಕ್ಕೆ ಬಂದಾಗ ಇನ್ನೊಮ್ಮೆ ಅದ್ದಿ, ಮತ್ತೆ ಅದೇ ಹದ ಬಂದ ಮೇಲೆ ಹೊಸೆಯಬೇಕು. ಹಸಿಯಿದ್ದಾಗಲೇ ಹೊಸೆದರೆ ಜೆಲ್ ಜಾರಿ ಎರಡೂ ಕಾರ್ಬನ್‌ಗಳು ತಾಗಿ ಶಾರ್ಟ್ ಆಗುತ್ತದೆ. ಮಲ್ಟಿಮೀಟರ್‌ನಲ್ಲಿ ರೋಧದ ಓದು ಮೆಲ್ಲಗೆ ಏರುತ್ತಿದ್ದರೆ ಸರಿ. ಕೆಲವೇ ಓಮ್‌ನಲ್ಲಿ ನಿಂತುಬಿಟ್ಟರೆ ಬಿಸಾಡಿ. ತುದಿಯಲ್ಲಿ 1 ಸೆಂ.ಮೀ. ಬರಿದೇ ಬಿಟ್ಟು ಸಿಲ್ವರ್ ಪೇಸ್ಟ್‌ನಿಂದ ತಾಮ್ರದ ತಂತಿ ಕೂಡಿಸಿ. ಅಲ್ಲಿಗೆ ಜೆಲ್ ಹರಿದರೆ ಆಮ್ಲ ತಾಮ್ರವನ್ನು ತಿನ್ನುತ್ತದೆ.

ಏಪ್ರಿಲ್–ಮೇ ತಿಂಗಳಲ್ಲಿ 40 ಡಿಗ್ರಿ ದಾಟಿದಾಗ ತೆರೆದಿಟ್ಟ ಜೆಲ್ ಬೇಗ ಬಿರುಸಾಗುತ್ತದೆ. ಅಯಾನುಗಳು ಓಡಾಡಲು ನೀರೇ ಬೇಕಲ್ಲ. ಅದು ಕಡಿಮೆಯಾದರೆ ಡಿಸ್ಚಾರ್ಜ್ ಶುರುವಾಗುತ್ತಲೇ ವೋಲ್ಟೇಜ್ ಥಟ್ಟನೆ ಕೆಳಗಿಳಿಯುತ್ತದೆ. ಅದಕ್ಕೇ ಕೆಳಗೆ ಗಟ್ಟಿ ಉಪ್ಪು ಉಳಿಯುವಷ್ಟು ಉಪ್ಪು ಕಲಸಿದ ನೀರಿನ ಬಟ್ಟಲನ್ನು ಮುಚ್ಚಿದ ಡಬ್ಬಿಯಲ್ಲಿಟ್ಟು, ಪಕ್ಕದಲ್ಲಿ ನೂಲನ್ನು ಹದಕ್ಕೆ ತರುತ್ತೇವೆ. ಒಳಗಿನ ತೇವ ಶೇ. 75ರ ಆಸುಪಾಸು ನಿಲ್ಲುತ್ತದೆ. ಆಮೇಲೆ ಸಣ್ಣ ಸಿಲಿಕೋನ್ ಟ್ಯೂಬಿಗೆ ಸೇರಿಸಿ ತುದಿ ಮುಚ್ಚಬೇಕು. ವಿನೆಗರ್ ವಾಸನೆಯ ಸೀಲೆಂಟ್ ಬೇಡ, ತಂತಿ ಹಾಳಾಗುತ್ತದೆ. ಮಳೆಗಾಲದಲ್ಲಿ ಉಲ್ಟಾ: ಆಮ್ಲ ಗಾಳಿಯ ತೇವ ಹೀರಿ ಜೆಲ್ ನೀರಾಗುತ್ತದೆ.

ಚಾರ್ಜ್ ಮಾಡುವಾಗ ನಾವು 0.8 ವೋಲ್ಟ್‌ಗಿಂತ ಮೇಲೆ ಹೋಗುವುದಿಲ್ಲ. 0.1 ಮಿಲಿಆಂಪ್‌ನಲ್ಲಿ ಸೊನ್ನೆಗೆ ಇಳಿಯಲು 80 ಸೆಕೆಂಡ್ ಹಿಡಿದರೆ ಅದರ ಧಾರಣ ಸಾಮರ್ಥ್ಯ 10 ಮಿಲಿಫ್ಯಾರಡ್, ಅದರಲ್ಲಿ ತುಂಬಿರುವ ಶಕ್ತಿ 3.2 ಮಿಲಿಜೂಲ್. ಕೆಂಪು ಎಲ್‌ಇಡಿಗೆ ಇಂಥ ಮೂರನ್ನು ಸರಣಿಯಲ್ಲಿ ಜೋಡಿಸಬೇಕು, ಆಗಲೂ ಕೆಲವೇ ಸೆಕೆಂಡ್ ಬೆಳಕು. ಇದರಿಂದ ಫೋನ್ ಚಾರ್ಜ್ ಆಗುವುದಿಲ್ಲ. ಬಟ್ಟೆಗೆ ಹೊಲಿದ ಸೆನ್ಸರ್‌ಗೆ ಆಗಾಗ ಒಂದು ಕ್ಷಣ ಕರೆಂಟ್ ಕೊಡಲು ಸಾಕು.