ಬಿಸಿ ತಾಗಿದರೆ ಬಿಡುಗಡೆಯಾಗುವ ಕ್ಯಾನ್ಸರ್ ಔಷಧಿ: ಡಾಕ್ಟರ ಹತ್ತಿರ ಏನೇನು ಕೇಳಬೇಕು?

"ನ್ಯಾನೊ ಔಷಧಿ ಬಂದಿದೆಯಂತೆ, ಗಡ್ಡೆಗೆ ಮಾತ್ರ ತಾಗುತ್ತಂತೆ, ಕೂದಲೂ ಉದುರಲ್ವಂತೆ." ಇಂಥ ವಾಟ್ಸಾಪ್ ವಿಡಿಯೋ ನಂಬಿ ದಾವಣಗೆರೆಯಿಂದ ಬೆಂಗಳೂರು ಬಸ್ ಹತ್ತುವ ಮುಂಚೆ ಇದನ್ನೊಮ್ಮೆ ಓದಿಬಿಡಿ.

ಡಾಕ್ಸೊರುಬಿಸಿನ್ ಅನ್ನೋ ಕೆಂಪು ಕೀಮೋ ಔಷಧಿಯನ್ನು ಸುಮಾರು 100 ನ್ಯಾನೊಮೀಟರ್ ಗಾತ್ರದ ಕೊಬ್ಬಿನ ಗುಳ್ಳೆಗಳಲ್ಲಿ ತುಂಬಿ ರಕ್ತನಾಳಕ್ಕೆ ಬಿಡುತ್ತಾರೆ. ಗುಳ್ಳೆಯ ಹೆಸರು ಲೈಪೊಸೋಮ್. ಮೈಯ 37 ಡಿಗ್ರಿಯಲ್ಲಿ ಅದು ಗಟ್ಟಿ. ಗಡ್ಡೆ ಇರುವ ಜಾಗವನ್ನಷ್ಟೇ 40ರಿಂದ 42 ಡಿಗ್ರಿಗೆ ಕಾಯಿಸಿದರೆ ಬಿಸಿ ದೋಸೆ ಮೇಲಿನ ಬೆಣ್ಣೆ ಥರ ಗುಳ್ಳೆಯ ಗೋಡೆ ಸಡಿಲವಾಗಿ ಔಷಧಿ ಅಲ್ಲೇ ಸೋರುತ್ತದೆ. ನಮ್ಮೂರ ಏಪ್ರಿಲ್ ಬಿಸಿಲಿಗೂ ಸೋರಲ್ವಾ ಅಂದ್ರೆ, ಇಲ್ಲ. ಹೊರಗೆ ಸುಡುತ್ತಿದ್ದರೂ ಸಾಮಾನ್ಯವಾಗಿ ಮೈ ಬೆವರು ಸುರಿಸಿ ಒಳಗಿನ ಬಿಸಿಯನ್ನು 37ರ ಆಸುಪಾಸಲ್ಲೇ ಇಟ್ಟುಕೊಳ್ಳುತ್ತದೆ. ಜ್ವರದ ಮಾತು ಬೇರೆ, ಅದು 40 ಮುಟ್ಟಬಹುದು. ಜ್ವರವಿದ್ದರೆ ಮುಚ್ಚಿಡಬೇಡಿ.

ಮೊದಲು ಕೇಳಿ: "ಡಾಕ್ಟ್ರೇ, ಬಿಸಿ ಯಾವುದರಿಂದ ಕೊಡ್ತೀರಿ?" ರೇಡಿಯೋ ತರಂಗದ ಸೂಜಿಯೋ, ಒಂದೇ ಕಡೆ ಗುರಿಯಿಟ್ಟ ಅಲ್ಟ್ರಾಸೌಂಡೋ, ಆಯಸ್ಕಾಂತಕ್ಕೆ ಬಿಸಿಯಾಗುವ ಕಬ್ಬಿಣದ ಕಣಗಳೋ? ಗಡ್ಡೆ ಒಂದೇ ಕಡೆ ಇದ್ದರೆ ಸರಿ, ನಾಲ್ಕು ಕಡೆ ಹರಡಿದ್ದರೆ ಎಲ್ಲೆಲ್ಲಿ ಅಂತ ಕಾಯಿಸುತ್ತಾರೆ?

ಆಮೇಲೆ, ಇದು ಇಲಿಯ ಮೇಲೆ ಆದದ್ದೋ, ಮನುಷ್ಯರ ಮೇಲೋ ಅಂತ ಕೇಳಿ. ಥರ್ಮೊಡಾಕ್ಸ್ ಅನ್ನೋ ಇದೇ ಥರದ ಔಷಧಿ ಲಿವರ್ ಕ್ಯಾನ್ಸರಿನ ದೊಡ್ಡ ಟ್ರಯಲ್‌ನಲ್ಲಿ (ರೋಗಿಗಳ ಮೇಲಿನ ಪ್ರಯೋಗದಲ್ಲಿ) 2013ರಲ್ಲಿ ಗುರಿ ಮುಟ್ಟಲಿಲ್ಲ. 2018ರಲ್ಲಿ ಆಕ್ಸ್‌ಫರ್ಡ್‌ನವರು 10 ರೋಗಿಗಳಿಗೆ ಅಲ್ಟ್ರಾಸೌಂಡ್ ಜೊತೆ ಅದನ್ನೇ ಕೊಟ್ಟಾಗ ಹೆಚ್ಚಿನವರ ಗಡ್ಡೆಯಲ್ಲಿ ಔಷಧಿ ಜಾಸ್ತಿ ಸಿಕ್ಕಿತು. ಒಳ್ಳೆ ಸುದ್ದಿನೇ. ಆದರೆ ಆಯಸ್ಸು ಹೆಚ್ಚಿತು ಅಂತ ಅದರಿಂದ ಹೇಳೋಕಾಗಲ್ಲ.

ಟ್ರಯಲ್‌ಗೆ ಸೇರಿ ಅಂದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಕೇಳಿ. ಅದು ಭಾರತದ ಟ್ರಯಲ್‌ಗಳ ಸರ್ಕಾರಿ ಪಟ್ಟಿ, ಯಾರು ಬೇಕಾದರೂ ಫೋನಲ್ಲೇ ಪುಕ್ಕಟೆ ನೋಡಬಹುದು. ಒಪ್ಪಿಗೆ ಪತ್ರ ಕನ್ನಡದಲ್ಲಿ ಓದಿಯೇ ಸಹಿ ಹಾಕಿ, ಬೇಡ ಅನ್ನಿಸಿದ ದಿನ ಹೊರಬರಬಹುದು. ಪ್ರಯೋಗದ ಔಷಧಿಗೆ ಲಕ್ಷಗಟ್ಟಲೆ ಕೇಳಿದರೆ ಎದ್ದು ಬನ್ನಿ. ಈಗ ನಡೆಯುತ್ತಿರುವ ಕೀಮೋವನ್ನಂತೂ ಸುಮ್ನೆ ನಿಲ್ಲಿಸಬೇಡಿ.

ಡಾಕ್ಟರೇ "ನ್ಯಾನೊ" ಅಂದರೆ ಅದು ಬಿಸಿ ಬೇಡದ ಹಳೆಯ ಲೈಪೊಸೋಮ್ ಕೂಡ ಆಗಿರಬಹುದು, ಅಮೆರಿಕದಲ್ಲಿ 1995ರಿಂದಲೇ ಇದೆ. ಬಿಸಿ ತಾಗಿದರೆ ಒಳ್ಳೇದು ಅಂತ ಮನೆಯಲ್ಲೇ ಶಾಖ ಕೊಡುವ ಹಿರಿಯರನ್ನು ತಡೆಯಬೇಕು. ಬಿಸಿನೀರಿನ ಚೀಲ ಚರ್ಮ ಸುಡುತ್ತದೆಯೇ ಹೊರತು ಒಳಗಿನ ಗಡ್ಡೆಯನ್ನು ಮುಟ್ಟಲ್ಲ. ಸಾಲದ್ದಕ್ಕೆ ಈ ಹಳೆಯ ಲೈಪೊಸೋಮ್ ಔಷಧಿಯಿಂದ ಅಂಗೈ, ಅಂಗಾಲು ಕೆಂಪಾಗಿ ಸಿಪ್ಪೆ ಏಳಬಹುದು, ಬಿಸಿ ತಾಗಿದರೆ ಇನ್ನೂ ಜಾಸ್ತಿ. ಡ್ರಿಪ್ ಹಾಕಿಸಿಕೊಂಡ ಮೇಲೆ ಕೆಲವು ದಿನ ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರೇ ಸಾಕು, ಬಿಗಿ ಚಪ್ಪಲಿ ಬೇಡ, ಪಾತ್ರೆ ಬೇರೆಯವರು ತೊಳೆಯಲಿ.