ಲಂಡನ್ನಿನ ಬೆಳ್ಳಿ ಕೆಲಸಗಾರ ಪೂರ್ವಜನನ್ನು ನಾನು ಹುಡುಕಿದ ಬಗೆ

ನನ್ನ ಪತಿಯ ತಾಯಿಯ ಮನೆತನ ಇಂಗ್ಲೆಂಡಿನದು. ಆ ಮನೆತನದ ಹಿರಿಯರೊಬ್ಬರು ಲಂಡನ್ನಿನಲ್ಲಿ ಬೆಳ್ಳಿಯ ಕೆಲಸ ಮಾಡುತ್ತಿದ್ದರೆಂಬ ಮಾತು ಹಲವು ತಲೆಮಾರುಗಳಿಂದ ನಡೆದುಬಂದಿತ್ತು. ಅದಕ್ಕೆ ಆಧಾರವೆಂದು ಅತ್ತೆಯವರ ಬಳಿ ಇದ್ದುದು ಒಂದು ಹೆಸರು ಮತ್ತು ಕೆಲವು ಬೆಳ್ಳಿಯ ಚಮಚಗಳು ಮಾತ್ರ. ಮಕ್ಕಳಿಗಾಗಿ ಎರಡೂ ಕಡೆಯ ವಂಶವೃಕ್ಷ ಬರೆದಿಡಬೇಕೆಂದು ಹೊರಟಾಗ ಈ ಕವಲನ್ನು ನಾನು ವಹಿಸಿಕೊಂಡೆ. ಆ ಕಾಲದ ಸಾಮಾನ್ಯ ದುಡಿಮೆಗಾರನ ಬದುಕು ಚರ್ಚಿನ ಪುಸ್ತಕದಲ್ಲಿ ದೀಕ್ಷಾಸ್ನಾನ, ಮದುವೆ, ಸಮಾಧಿ ಎಂಬ ಮೂರು ಸಾಲುಗಳಲ್ಲಿ ಮುಗಿದುಹೋಗುತ್ತದೆ. ಬೆಳ್ಳಿಯ ಕೆಲಸಗಾರನ ವಿಷಯ ಬೇರೆ. ಲೋಹದ ಶುದ್ಧತೆಗೆ ಯಾರು ಹೊಣೆ ಎಂಬುದನ್ನು ಕಾನೂನು ತಿಳಿಯಬಯಸಿದ್ದರಿಂದ, ಅವನ ಹೆಸರು, ವಿಳಾಸ, ಸಹಿ ಎಲ್ಲವೂ ಎಲ್ಲಾದರೂ ಒಂದು ಕಡೆ ದಾಖಲಾಗಿ ಉಳಿದಿರುತ್ತವೆ.

ಹತ್ತಿರದ ತಲೆಮಾರಿನಿಂದ ಆರಂಭಿಸಿ ಹಿಂದಕ್ಕೆ ಹೋಗುವುದೇ ಕ್ರಮ. ಇಂಗ್ಲೆಂಡಿನಲ್ಲಿ ಜನನ, ಮರಣ, ವಿವಾಹಗಳ ಸರ್ಕಾರಿ ನೋಂದಣಿ 1837ರ ಜುಲೈ 1ರಂದು ಆರಂಭವಾಯಿತು. ಅಂದಿನಿಂದ ವಿವಾಹ ಪತ್ರದಲ್ಲಿ ವಧೂವರರಿಬ್ಬರ ತಂದೆಯ ಹೆಸರು ಮತ್ತು ಕಸುಬನ್ನು ಬರೆಯತೊಡಗಿದರು. ನಮ್ಮ ಪೂರ್ವಜನ ಕಿರಿಯ ಮಗಳು ತಡವಾಗಿ, ಈ ಪದ್ಧತಿ ಬಂದ ಮೇಲೆ ಮದುವೆಯಾಗಿದ್ದಳು. ಆಕೆಯ ವಿವಾಹ ಪತ್ರದಲ್ಲಿ ತಂದೆಯ ಕಸುಬು ಬೆಳ್ಳಿಯ ಕೆಲಸವೆಂದೇ ಇತ್ತು. ಮನೆಯಲ್ಲಿ ಕೇಳಿಬಂದ ಮಾತಿಗೆ ಮೊದಲ ಲಿಖಿತ ಸಾಕ್ಷ್ಯ ದೊರೆತದ್ದು ಹೀಗೆ.

ಅನಂತರ ಚಮಚಗಳ ಹಿಂಬದಿಯ ಠಸ್ಸೆಗಳನ್ನು ಭೂತಗನ್ನಡಿಯಲ್ಲಿ ಪರಿಶೀಲಿಸಿದೆ. ನಡೆಯುತ್ತಿರುವ ಸಿಂಹದ ಗುರುತು ಸಾವಿರಕ್ಕೆ 925 ಪಾಲು ಶುದ್ಧವಾದ ಸ್ಟರ್ಲಿಂಗ್ ಬೆಳ್ಳಿಯದು. ರಾಜನ ತಲೆಯ ಗುರುತು ಸುಂಕ ಸಂದಾಯವಾದುದನ್ನು ಹೇಳುತ್ತದೆ. ಅದು 1784ರ ಡಿಸೆಂಬರಿನಲ್ಲಿ ಆರಂಭವಾಗಿ 1890ರವರೆಗೆ ಇತ್ತಾದ್ದರಿಂದ ಚಮಚಗಳು ಅದಕ್ಕಿಂತ ಹಳೆಯವಲ್ಲವೆಂದು ಒಂದೇ ನೋಟಕ್ಕೆ ತಿಳಿಯಿತು. ವರ್ಷವನ್ನು ಹೇಳುವುದು ಒಂದು ಅಕ್ಷರ. ಲಂಡನ್ನಿನಲ್ಲಿ ಇಪ್ಪತ್ತು ಅಕ್ಷರಗಳ ಒಂದು ಸುತ್ತು ಮುಗಿದ ಮೇಲೆ ಅಕ್ಷರದ ಶೈಲಿಯನ್ನೋ ಅದರ ಸುತ್ತಲಿನ ಚೌಕಟ್ಟನ್ನೋ ಬದಲಿಸುತ್ತಿದ್ದರು. ಈ ಅಕ್ಷರ ಬದಲಾಗುತ್ತಿದ್ದುದು ಜನವರಿಯಲ್ಲಲ್ಲ, ಮೇ ತಿಂಗಳ ಕೊನೆಯಲ್ಲಿ. ಆದುದರಿಂದ ಒಂದೊಂದು ಅಕ್ಷರವೂ ಎರಡು ಇಸವಿಗಳನ್ನು ವ್ಯಾಪಿಸುತ್ತದೆ. ವಂಶಾವಳಿ ಬರೆಯುವವರು ಇದನ್ನು ಮರೆತರೆ, ಆಗಲೇ ತೀರಿಕೊಂಡವನ ಹೆಸರಿನಲ್ಲಿ ಒಂದು ಚಮಚ ಹೆಚ್ಚಾಗಿಬಿಡುತ್ತದೆ.

ಉಳಿದದ್ದು ತಯಾರಕನ ಠಸ್ಸೆ, ಅಂದರೆ ಹೆಸರಿನ ಮೊದಲಕ್ಷರಗಳು. ಅವು ನಮ್ಮ ಪೂರ್ವಜನ ಹೆಸರಿಗೆ ಹೊಂದುತ್ತಿದ್ದವು. ಆದರೆ ಅಷ್ಟನ್ನೇ ನೆಚ್ಚಿಕೊಳ್ಳಲಾಗದು, ಏಕೆಂದರೆ ಅದೇ ಎರಡು ಅಕ್ಷರಗಳನ್ನು ಬಳಸಿದವರು ಒಂದೇ ಕಾಲದಲ್ಲಿ ಹಲವರಿರುತ್ತಿದ್ದರು. ಅಕ್ಷರಗಳ ನಡುವೆ ಚುಕ್ಕಿ ಇದೆಯೇ, ಹೊರರೇಖೆ ಆಯತವೋ ಅಂಡಾಕಾರವೋ, ಮೂಲೆ ಕತ್ತರಿಸಿದೆಯೇ ಎಂಬ ಸಣ್ಣ ವ್ಯತ್ಯಾಸಗಳೇ ಇಲ್ಲಿ ನಿರ್ಣಾಯಕ. ಠಸ್ಸೆಯ ಅಚ್ಚುಗಳನ್ನು ನೋಂದಾಯಿಸಿದ ಪುಸ್ತಕಗಳು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಹಾಲ್‌ನಲ್ಲಿವೆ. ಚಿನ್ನ ಬೆಳ್ಳಿ ಎರಡೂ ಕೆಲಸಗಾರರಿಗೆ ಅಲ್ಲಿನ ಗೋಲ್ಡ್‌ಸ್ಮಿತ್ಸ್ ಕಂಪನಿ ಎಂಬ ಕಸುಬುದಾರರ ಸಂಘವೇ ಪರೀಕ್ಷಾಧಿಕಾರಿ. ಅಚ್ಚಿನ ಗುರುತಿನ ಪಕ್ಕದಲ್ಲಿ ದಿನಾಂಕ, ವಿಳಾಸ, ಸಹಿ ಇರುತ್ತವೆ. ಕಾರ್ಖಾನೆ ಸ್ಥಳಾಂತರವಾದಾಗ ಹೊಸ ವಿಳಾಸವನ್ನೂ ಸೇರಿಸುತ್ತಿದ್ದರು. ಚಮಚದ ಮೇಲಿನ ಹೊರರೇಖೆಯನ್ನೇ ಹೋಲುವ ಗುರುತು ಆ ಪುಟದಲ್ಲಿ ಕಂಡಿತು.

ನನ್ನ ದೃಷ್ಟಿಯಲ್ಲಿ ಆ ಪುಟದ ಅತ್ಯಂತ ಬೆಲೆಬಾಳುವ ಅಂಶ ಠಸ್ಸೆಯಲ್ಲ, ಸಹಿ. ಅದೇ ಹೆಸರಿನ ಪುರುಷರು ಲಂಡನ್ನಿನ ಪ್ಯಾರಿಷ್ (ಒಂದೊಂದು ಚರ್ಚಿನ ವ್ಯಾಪ್ತಿಯ ಪ್ರದೇಶ) ಪುಸ್ತಕಗಳಲ್ಲಿ ಅನೇಕರಿದ್ದರು, ಮತ್ತು ಇವರಲ್ಲಿ ನಮ್ಮವನು ಯಾರೆಂದು ವಯಸ್ಸಿನಿಂದಾಗಲಿ ವಿಳಾಸದಿಂದಾಗಲಿ ನಿರ್ಧರಿಸುವಂತಿರಲಿಲ್ಲ. ಆದರೆ 1754ರ ಮಾರ್ಚ್‌ನಿಂದ ಜಾರಿಯಾದ ಹಾರ್ಡ್‌ವಿಕ್ ಕಾಯ್ದೆಯ ಪ್ರಕಾರ ವಧೂವರರು ಮದುವೆಯ ಪುಸ್ತಕದಲ್ಲಿ ಸಹಿ ಮಾಡಬೇಕಿತ್ತು, ಬರೆಯಲು ಬಾರದವರು ಗುರುತು ಹಾಕಬೇಕಿತ್ತು. ಅಚ್ಚಿನ ನೋಂದಣಿಯ ಸಹಿಯನ್ನು ಆ ಹೆಸರಿನವರ ಮದುವೆಯ ಸಹಿಗಳೊಡನೆ ಒಂದೊಂದಾಗಿ ಹೋಲಿಸಿದೆ. ಮೊದಲಕ್ಷರದ ಬಳುಕು, ಕೊನೆಯಲ್ಲಿ ಕೆಳಕ್ಕೆ ಎಳೆದ ಗೆರೆ ಒಂದರಲ್ಲಿ ಮಾತ್ರ ಸರಿಹೊಂದಿದವು, ಮತ್ತು ಆ ಮದುವೆಯ ವಧುವಿನ ಹೆಸರು ಅತ್ತೆಯವರ ಮನೆತನದಲ್ಲಿ ಹೆಣ್ಣುಮಕ್ಕಳಿಗೆ ಮತ್ತೆ ಮತ್ತೆ ಇಡುತ್ತ ಬಂದ ಹೆಸರೇ ಆಗಿತ್ತು. ಈ ಮನೆತನಕ್ಕೆ ಸೊಸೆಯಾಗಿ ಬಂದ ನನಗೆ, ಆ ಸಹಿಯನ್ನು ಕಂಡಾಗ ಆದ ಸಂತೋಷ ನನ್ನ ತವರಿನ ಹಿರಿಯರ ಕೈಬರಹ ಸಿಕ್ಕಿದ್ದರೆ ಆಗುತ್ತಿದ್ದುದಕ್ಕಿಂತ ಕಡಿಮೆಯದಾಗಿರಲಿಲ್ಲ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕು. ಠಸ್ಸೆಯು ವಸ್ತುವನ್ನು ಪರೀಕ್ಷೆಗೆ ಕಳುಹಿಸಿ ಹೊಣೆ ಹೊತ್ತವನದು. ತಗಡನ್ನು ಬಡಿದು ರೂಪ ಕೊಟ್ಟ ಕೈ ಅವನದೇ ಆಗಿರಬೇಕೆಂದಿಲ್ಲ. ಕಾರ್ಖಾನೆಯಲ್ಲಿ ಕೂಲಿಗೆ ದುಡಿದ ನುರಿತ ಕೆಲಸಗಾರರು ಜೀವನದುದ್ದಕ್ಕೂ ಸ್ವಂತ ಅಚ್ಚನ್ನು ನೋಂದಾಯಿಸದೆ ಇರುವುದುಂಟು. ಆದ್ದರಿಂದ ನೋಂದಣಿಯಲ್ಲಿ ಹೆಸರಿಲ್ಲವೆಂದ ಮಾತ್ರಕ್ಕೆ ಮನೆಯ ಹಿರಿಯರ ಮಾತನ್ನು ತಳ್ಳಿಹಾಕಬಾರದು.

ಠಸ್ಸೆಯಿಂದ ತಂದೆಯ ಹೆಸರಿಗೆ ದಾರಿ ತೋರಿಸುವುದು ಅಪ್ರೆಂಟಿಸ್ ಕರಾರು. ಹುಡುಗನನ್ನು ಸಾಮಾನ್ಯವಾಗಿ ಏಳು ವರ್ಷಗಳಿಗೆ ಒಬ್ಬ ಯಜಮಾನನ ಬಳಿ ಕೆಲಸ ಕಲಿಯಲು ಬಿಡುತ್ತಿದ್ದರು. 1710ರಿಂದ 1811ರವರೆಗೆ ಯಜಮಾನನು ಪಡೆದ ಹಣದ ಮೇಲೆ ತೆರಿಗೆ ಇತ್ತು: 50 ಪೌಂಡ್‌ವರೆಗೆ ಪೌಂಡಿಗೆ 6 ಪೆನ್ಸ್, ಅದಕ್ಕೆ ಮೀರಿದರೆ ಪೌಂಡಿಗೆ 1 ಶಿಲಿಂಗ್. ಈ ತೆರಿಗೆಯ ಪುಸ್ತಕಗಳು ಕ್ಯೂನಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ಆದರೆ 18ನೆಯ ಶತಮಾನದ ಮಧ್ಯಭಾಗದ ಅನಂತರ ಅವುಗಳಲ್ಲಿ ತಂದೆಯ ಹೆಸರು ಅಪರೂಪ, ಮತ್ತು ನಮ್ಮವನ ನಮೂದಿನಲ್ಲಿ ಯಜಮಾನನ ಹೆಸರಷ್ಟೇ ಇತ್ತು. ಗೋಲ್ಡ್‌ಸ್ಮಿತ್ಸ್ ಕಂಪನಿಯ ಅಪ್ರೆಂಟಿಸ್ ಪುಸ್ತಕದಲ್ಲಂತೂ ಅವನ ಹೆಸರೇ ಇರಲಿಲ್ಲ. ಇದಕ್ಕೆ ಕಾರಣವಿದೆ: ಲಂಡನ್ ನಗರದ ಸಂಪ್ರದಾಯದಂತೆ ಯಾವುದೇ ಕಂಪನಿಯ ಸದಸ್ಯತ್ವ ಪಡೆದವನು ಬೇರೆ ಕಸುಬನ್ನು ಮಾಡಬಹುದಿತ್ತು, ಹೀಗಾಗಿ ಬೆಳ್ಳಿಯ ಕೆಲಸ ಮಾಡುವವರಲ್ಲಿ ಬೇರೆ ಬೇರೆ ಕಂಪನಿಗಳಿಗೆ ಸೇರಿದವರೂ ಇದ್ದರು. ನಗರದ ‘ಫ್ರೀಡಂ’ (ನಗರದಲ್ಲಿ ಕಸುಬು ನಡೆಸುವ ಹಕ್ಕು) ಪಡೆಯುವಾಗ ಸಲ್ಲಿಸಿದ ಕಾಗದಗಳನ್ನು ಹುಡುಕಿದಾಗ, ಅವನು ಬಟ್ಟೆ ವ್ಯಾಪಾರಕ್ಕೆ ಸಂಬಂಧಿಸಿದ ಕಂಪನಿಯೊಂದರ ಸದಸ್ಯನೆಂದು ಗೊತ್ತಾಯಿತು. ಮೂಲ ಕರಾರುಪತ್ರವೂ ಅದರ ಜೊತೆಯಲ್ಲೇ ಇತ್ತು. ತಂದೆಯ ಹೆಸರು, ಹಳ್ಳಿ, ಗಾಡಿ ಚಕ್ರ ಮಾಡುವ ಕಸುಬು, ಎಲ್ಲವೂ ಅದರಲ್ಲಿದ್ದವು. ಆ ಹಳ್ಳಿಯ ಪ್ಯಾರಿಷ್ ಪುಸ್ತಕದಿಂದ ಇನ್ನೂ ಮೂರು ತಲೆಮಾರುಗಳನ್ನು ಸೇರಿಸಲು ಸಾಧ್ಯವಾಯಿತು.

ಯಜಮಾನನನ್ನು ಗುರುತಿಸುವುದು ಮಾತ್ರ ಕಷ್ಟವಾಯಿತು. ಅವನು ಅಚ್ಚನ್ನು ನೋಂದಾಯಿಸಿರಬಹುದಾದ, 1773ಕ್ಕೆ ಹಿಂದಿನ ಸುಮಾರು ಹದಿನೈದು ವರ್ಷಗಳ ದೊಡ್ಡ ವಸ್ತು ತಯಾರಕರ ಪುಸ್ತಕ ಕಳೆದುಹೋಗಿದೆ. 1773ರಲ್ಲಿ ಪಾರ್ಲಿಮೆಂಟಿನ ಸಮಿತಿಯೊಂದು ತನ್ನ ವರದಿಯಲ್ಲಿ ಅಂದಿನ ತಯಾರಕರ ಹೆಸರು ಮತ್ತು ವಿಳಾಸಗಳ ಪಟ್ಟಿಯನ್ನು ಕೊಟ್ಟಿರುವುದರಿಂದ ಆ ಕೊರತೆ ಸ್ವಲ್ಪಮಟ್ಟಿಗೆ ತುಂಬುತ್ತದೆ, ಮತ್ತು ನಮಗೆ ಬೇಕಾದ ಹೆಸರು ಅದರಲ್ಲಿ ಸಿಕ್ಕಿತು.

ಮನುಷ್ಯನ ಬಾಳು ಹೇಗಿತ್ತೆಂದು ತಿಳಿಯಲು ಸನ್ ಫೈರ್ ಆಫೀಸಿನ ಅಗ್ನಿವಿಮೆಯ ಪುಸ್ತಕಗಳು, ಓಲ್ಡ್ ಬೈಲಿ ನ್ಯಾಯಾಲಯದ ವಿಚಾರಣೆಯ ವರದಿಗಳು ಮತ್ತು ಉಯಿಲುಗಳು ನೆರವಾದವು. ಬೆಳ್ಳಿ ಕಳ್ಳತನದ ಮೊಕದ್ದಮೆಗಳಲ್ಲಿ ಕೆಲಸಗಾರರು ತಮ್ಮ ವಸ್ತುವನ್ನು ತಾವೇ ಗುರುತಿಸಿ ಸಾಕ್ಷಿ ಹೇಳುವುದನ್ನು ಓದುವುದೇ ಒಂದು ಶಿಕ್ಷಣ. ನಮ್ಮ ಪೂರ್ವಜನ ಉಯಿಲಿನಲ್ಲಿ ಮನೆಯ ಸಾಮಾನು ಹೆಂಡತಿಗೂ, ಸುತ್ತಿಗೆ, ಅಡಿಗಲ್ಲು ಮುಂತಾದ ಕಸುಬಿನ ಸಲಕರಣೆಗಳು ಅವನ ಬಳಿಯೇ ಕಲಿತ ಒಬ್ಬ ಅಪ್ರೆಂಟಿಸನಿಗೂ ಸೇರಬೇಕೆಂದಿದೆ. ಆ ಅಪ್ರೆಂಟಿಸ್ ಬಂದದ್ದು ಚಕ್ರದ ಕಸುಬಿನ ಆ ಹಳ್ಳಿಯಿಂದಲೇ. ಅವನು ಪೂರ್ವಜನ ಅಕ್ಕನ ಮಗನಿರಬಹುದೇ ಎಂಬುದನ್ನು ಅಲ್ಲಿನ ಮದುವೆಯ ಪುಸ್ತಕಗಳಲ್ಲಿ ಈಗ ಪರಿಶೀಲಿಸುತ್ತಿದ್ದೇನೆ.