ಮೂರು ಕೋಲ್‌ಗಳು, ಎರಡು ಸಮುದ್ರಗಳು: ಮೋಂ ಲೋಝೇರ್ ಬೆಟ್ಟದಲ್ಲಿ ಸೈಕಲ್ಲು ಮತ್ತು ಕಾಲ್ನಡಿಗೆ

ನಮ್ಮಲ್ಲಿ ಘಾಟಿ ಎಂದರೆ ಬುಡದಿಂದ ನೆತ್ತಿಯವರೆಗಿನ ಇಡೀ ದಾರಿ. ಫ್ರೆಂಚರ ‘ಕೋಲ್’ ಹಾಗಲ್ಲ. ಅದು ಬೆಟ್ಟಸಾಲು ತುಸು ತಗ್ಗಿ ಈಚೆಯ ಕಣಿವೆಯಿಂದ ಆಚೆಯ ಕಣಿವೆಗೆ ದಾರಿ ಬಿಟ್ಟುಕೊಡುವ ಒಂದು ಬಿಂದು. ಆ ಪದದ ಮೂಲಾರ್ಥವೇ ಕುತ್ತಿಗೆ. ಕೆಲಸದ ನಿಮಿತ್ತ ಲಿಯೋನ್ ನಗರಕ್ಕೆ ಬಂದು ನೆಲಸಿದ ಮೊದಲ ವರ್ಷಗಳಲ್ಲಿ ನಾನು ಕೋಲ್‌ಗಳನ್ನು ಕಿಲೋಮೀಟರ್ ಲೆಕ್ಕದಲ್ಲಿ ಅಳೆಯುತ್ತಿದ್ದೆ, ಪ್ರತಿ ಸಲವೂ ಕತ್ತಲಾದ ಮೇಲೆ ತಂಗುದಾಣ ಸೇರುತ್ತಿದ್ದೆ. ದಕ್ಷಿಣ ಫ್ರಾನ್ಸಿನ ಸೆವೆನ್ನ್ ಸೀಮೆಯ ಮೋಂ ಲೋಝೇರ್ ಬೆಟ್ಟವನ್ನು ಮೂರು ದಿನಗಳಲ್ಲಿ, ಸ್ವಲ್ಪ ಸೈಕಲ್ಲಿನಲ್ಲಿ, ಸ್ವಲ್ಪ ನಡೆದು ದಾಟಿದಾಗ ಆ ಲೆಕ್ಕವನ್ನು ಬಿಟ್ಟು, ಎಷ್ಟು ಮೀಟರ್ ಎತ್ತರ ಏರಬೇಕು ಎಂಬ ಒಂದೇ ಲೆಕ್ಕವನ್ನು ಹಿಡಿದೆ.

ಹೊರಡುವ ಮೊದಲು ಸೈಕಲ್ಲಿನ ಗೇರುಗಳನ್ನು ಬದಲಿಸಿದೆ. ನನ್ನ ಹಳೆಯ ಸೈಕಲ್ಲಿನ ಅತಿ ಹಗುರ ಗೇರು ಮುಂದೆ 34 ಹಲ್ಲು, ಹಿಂದೆ 28 ಹಲ್ಲಿನದು. ಚಕ್ರದ ಸುತ್ತಳತೆ ಸುಮಾರು 2.1 ಮೀಟರ್ ಎಂದಿಟ್ಟುಕೊಂಡರೆ, ಪೆಡಲು ಒಂದು ಸುತ್ತು ತಿರುಗಿದಾಗ ಸೈಕಲ್ಲು ಎರಡೂವರೆ ಮೀಟರಿಗಿಂತ ತುಸು ಹೆಚ್ಚು ಸಾಗುತ್ತದೆ. ಚೀಲ ಹೊತ್ತ ಸೈಕಲ್ಲನ್ನು ಗಂಟೆಗೆ 7 ಕಿ.ಮೀ. ವೇಗದಲ್ಲಿ ಏರಿಸುವಾಗ ಪೆಡಲು ನಿಮಿಷಕ್ಕೆ 46 ಸುತ್ತಿಗೆ ಇಳಿಯುತ್ತದೆ. ಪ್ರತಿ ಸುತ್ತಿನಲ್ಲೂ ಮಂಡಿಯ ಮೇಲೆ ಇಡೀ ಭಾರ ಬೀಳುತ್ತದೆ. ಮುಂದೆ 30, ಹಿಂದೆ 34 ಹಲ್ಲು ಹಾಕಿಸಿದ ಮೇಲೆ ಅದೇ ವೇಗದಲ್ಲಿ ಪೆಡಲು ನಿಮಿಷಕ್ಕೆ 63 ಸುತ್ತು ತಿರುಗತೊಡಗಿತು. ವೇಗ ಹೆಚ್ಚಲಿಲ್ಲ, ಆದರೆ ಮರುದಿನ ಬೆಳಿಗ್ಗೆ ಮೆಟ್ಟಿಲಿಳಿಯುವಾಗ ಮಂಡಿ ಹಿಡಿದುಕೊಳ್ಳುವುದು ನಿಂತಿತು.

ಜೂನ್ ಮೊದಲ ವಾರ, ವೀಲ್‌ಫೋರ್ ನಿಲ್ದಾಣದಲ್ಲಿ ಸೈಕಲ್ಲಿನೊಂದಿಗೆ ರೈಲಿನಿಂದ ಇಳಿದೆ. ಊರು ಸುಮಾರು 600 ಮೀಟರ್ ಎತ್ತರದಲ್ಲಿದೆ. ಊರಾಚೆಯ ಸರೋವರವನ್ನು ದಾಟಿದ ಮೇಲೆ ರಸ್ತೆ ಆಲ್ತಿಯೆ ನದಿಯ ಕಣಿವೆಯನ್ನು ಹಿಡಿದು ನಿಧಾನವಾಗಿ ಏರಿ 1,131 ಮೀಟರಿನ ಕೋಲ್ ದೆ ತ್ರಿಬ್ ತಲುಪುತ್ತದೆ. ನೋಡಲು ಅದು ಹುಲ್ಲುಗಾವಲಿನ ನಡುವಿನ ಸಾಧಾರಣ ತಿರುವು, ಒಂದು ಫಲಕ, ಅಷ್ಟೆ. ಆದರೆ ನಾನು ಏರಿ ಬಂದ ಬದಿಯಲ್ಲಿ ಬಿದ್ದ ಮಳೆ ಆಲ್ತಿಯೆ, ಶಾಸೆಝಾಕ್, ಆರ್ದೆಶ್, ರೋನ್ ನದಿಗಳ ಮೂಲಕ ಮೆಡಿಟರೇನಿಯನ್ ಸೇರಿದರೆ, ಆಚೆ ಬದಿಯಲ್ಲಿ ಬಿದ್ದದ್ದು ಲೋಟ್ ನದಿಯ ಮೂಲಕ ಗರೋನ್ ಸೇರಿ ಅಟ್ಲಾಂಟಿಕ್ಕಿಗೆ ಹೋಗುತ್ತದೆ. ಒಂದೇ ಬೆಟ್ಟದಿಂದ ನೇತ್ರಾವತಿಯನ್ನು ಅರಬ್ಬಿ ಸಮುದ್ರಕ್ಕೂ ತುಂಗಾ, ಭದ್ರೆಯರನ್ನು ಬಂಗಾಳ ಕೊಲ್ಲಿಯ ಕಡೆಗೂ ಕಳಿಸುವ ಗಂಗಾಮೂಲದ ಬಗ್ಗೆ ಕೇಳಿ ಬೆಳೆದ ನನಗೆ ಇಂಥ ಜಾಗದಲ್ಲಿ ಐದು ನಿಮಿಷ ನಿಲ್ಲದೆ ಮುಂದೆ ಹೋಗಲು ಮನಸ್ಸಾಗುವುದಿಲ್ಲ.

ಆ ದಿನ ಸೋಮವಾರ. ಹಳ್ಳಿಯ ಬ್ರೆಡ್ಡಿನ ಅಂಗಡಿಗಳು ಬಹುಪಾಲು ಸೋಮವಾರ ಮುಚ್ಚಿರುತ್ತವೆ, ಉಳಿದ ದಿನಗಳಲ್ಲೂ ಮಧ್ಯಾಹ್ನ ಹನ್ನೆರಡರ ಮೇಲೆ ಎರಡು ಮೂರು ಗಂಟೆ ಕದ ಹಾಕಿರುತ್ತವೆ ಎಂಬುದು ಗೊತ್ತಿದ್ದೂ ಮರೆತಿದ್ದೆ. ಚೀಲದಲ್ಲಿದ್ದ ಹುರಿಗಡಲೆ, ಬೆಲ್ಲ ಮತ್ತು ಮನೆಯಿಂದ ಬಂದ ಚಟ್ನಿಪುಡಿಯೇ ಅಂದಿನ ಊಟವಾಯಿತು. ನೀರಿಗೆ ಮಾತ್ರ ಇಲ್ಲಿ ಕೊರತೆಯಿಲ್ಲ, ಎಲ್ಲಿ ಹುಡುಕಬೇಕೆಂದು ತಿಳಿದಿದ್ದರೆ. ಸಮಾಧಿಗಳ ಹೂಗಿಡಗಳಿಗೆ ನೀರೆರೆಯಲೆಂದು ಹಳ್ಳಿಯ ಸ್ಮಶಾನಗಳಲ್ಲಿ ನಲ್ಲಿ ಇಟ್ಟಿರುತ್ತಾರೆ. ಕುಡಿಯಲು ಯೋಗ್ಯವಲ್ಲ ಎಂಬ ಫಲಕ ಇಲ್ಲದಿದ್ದರೆ ಇಲ್ಲಿನ ಸೈಕಲ್ ಸವಾರರು ಅಲ್ಲಿಯೇ ಬಾಟಲಿ ತುಂಬಿಸುತ್ತಾರೆ. ಮೊದಲ ಸಲ ಸ್ಮಶಾನದ ಗೇಟು ತೆರೆದು ಒಳಗೆ ಹೋಗಿ ನೀರು ಹಿಡಿಯುವಾಗ ಅಜ್ಜಿಯ ನೆನಪಾಗಿ ಕೈ ನಡುಗಿತ್ತು, ಈಗ ಅಭ್ಯಾಸವಾಗಿದೆ.

ಎರಡನೆಯ ದಿನ ಲ ಬ್ಲೆಮಾರ್ ಗ್ರಾಮದಿಂದ 1,541 ಮೀಟರಿನ ಕೋಲ್ ದ ಫಿನಿಯೆಲ್‌ಗೆ ಹೊರಟೆ. ಸುಮಾರು 10 ಕಿ.ಮೀ. ದೂರ, 470 ಮೀಟರ್ ಏರು. ಹಳದಿ ತಲೆಯ ಬಿಳಿ ಮೈಲುಗಲ್ಲುಗಳು ಒಂದೊಂದಾಗಿ ಬರುತ್ತವೆ. ಒಂದರಿಂದ ಇನ್ನೊಂದಕ್ಕೆ ನನಗೆ ಎಂಟು ಒಂಬತ್ತು ನಿಮಿಷ ಬೇಕಾಗುತ್ತದೆ. ಆ ಲೆಕ್ಕದಲ್ಲಿ ಗಂಟೆಗೆ 330 ಮೀಟರ್ ಎತ್ತರ ಏರಿದಂತಾಯಿತು. ವಿಚಿತ್ರವೆಂದರೆ, ಬೆನ್ನಚೀಲ ಹೊತ್ತು ನಡೆದೇ ಹತ್ತುವಾಗಲೂ ನಾನು ಗಂಟೆಗೆ ಏರುವುದು ಹೆಚ್ಚು ಕಡಿಮೆ ಅಷ್ಟೇ. ಏರಿನಲ್ಲಿ ಸೈಕಲ್ಲು ಉಳಿಸಿಕೊಡುವುದು ದೂರವನ್ನೇ ಹೊರತು ಎತ್ತರವನ್ನಲ್ಲ. ಹಾಗಾಗಿ ಈಗ ಹಿಂದಿನ ರಾತ್ರಿ ನಕ್ಷೆ ಹರಡಿ ಎತ್ತರದ ಗೆರೆಗಳನ್ನು ಎಣಿಸಿ, ಸೈಕಲ್ಲಿನ ಏರನ್ನೂ ನಡಿಗೆಯ ಏರನ್ನೂ ಒಟ್ಟಿಗೆ ಕೂಡಿಸಿ, ಬಂದ ಮೊತ್ತವನ್ನು 300ರಿಂದ ಭಾಗಿಸುತ್ತೇನೆ. ಅಂದಿನ ಮೊತ್ತ ಸುಮಾರು 750 ಮೀಟರ್, ಅಂದರೆ ಎರಡೂವರೆ ಗಂಟೆಯ ಏರು. ಇಳಿತಕ್ಕೂ ವಿಶ್ರಾಂತಿಗೂ ಅಷ್ಟೇ ಹೊತ್ತು ಸೇರಿಸಿದರೆ ಸಂಜೆಯೊಳಗೆ ತಂಗುದಾಣ ಸೇರಲು ಅಡ್ಡಿಯಿಲ್ಲ.

ಕೋಲ್‌ಗಿಂತ ಮೊದಲೇ, 1,421 ಮೀಟರ್ ಎತ್ತರದ ಸ್ಕೀ ತಾಣದ ಬಳಿ ಸೈಕಲ್ಲಿಗೆ ಬೀಗ ಹಾಕಿ, ಬೆಟ್ಟದ ನೆತ್ತಿಯಾದ 1,699 ಮೀಟರಿನ ಫಿನಿಯೆಲ್ ಶಿಖರಕ್ಕೆ ನಡೆದೆ. ಇದು ಜಿ.ಆರ್. 70 ಎಂಬ ದೂರನಡಿಗೆಯ ಹಾದಿಯ ಭಾಗ. ಬಂಡೆ ಮತ್ತು ಕಂಬಗಳ ಮೇಲೆ ಬಿಳಿ, ಕೆಂಪು ಎರಡು ಪಟ್ಟಿಗಳಿದ್ದರೆ ದಾರಿ ಸರಿ, ಅವೇ ಬಣ್ಣಗಳು ಅಡ್ಡಾದಿಡ್ಡಿ ಗುಣಿಸು ಚಿಹ್ನೆಯಂತಿದ್ದರೆ ತಪ್ಪು ದಾರಿ. ಆದರೆ ಇಲ್ಲಿ ಬಣ್ಣಕ್ಕಿಂತ ಹಳೆಯ ಗುರುತೊಂದಿದೆ. ಬೋಳು ಹುಲ್ಲಿನ ಮೈಮೇಲೆ ನೆಟ್ಟ ಗ್ರಾನೈಟ್ ಕಲ್ಲಿನ ಕಂಬಗಳು ಸಾಲಾಗಿ ಮೇಲಕ್ಕೆ ಹೋಗುತ್ತವೆ. ಇವನ್ನು ಮೋಂಝುವಾ ಎನ್ನುತ್ತಾರೆ. ಕಡೆದು ನಯ ಮಾಡಿದ ಕಲ್ಲುಗಳಲ್ಲ, ಒರಟು, ಒಂದೊಂದು ಒಂದೊಂದು ಕಡೆಗೆ ವಾಲಿವೆ, ಗಾಳಿಗೆ ತೆರೆದ ಮೈಯಲ್ಲಿ ಬೂದು ಹಸಿರು ಕಲ್ಲುಹೂ ಹಿಡಿದಿದೆ.

ಅರ್ಧ ದಾರಿಯಲ್ಲಿ ಮಂಜು ಇಳಿಯಿತು. ಹತ್ತು ನಿಮಿಷದ ಹಿಂದೆ ಕಾಣುತ್ತಿದ್ದ ಇಡೀ ಬೆಟ್ಟ ಮಾಯವಾಗಿ, ನಿಂತ ಜಾಗದಿಂದ ಮುಂದಿನ ಒಂದು ಕಂಬ ಮಾತ್ರ ಕಾಣುತ್ತಿತ್ತು. ಅದನ್ನು ಮುಟ್ಟಿದ ಮೇಲೆಯೇ ಅದರ ಮುಂದಿನದು. ಕಂಬಗಳ ನಡುವಿನ ಅಂತರವನ್ನು ಯಾರೋ ಇಂಥದೇ ದಿನದಲ್ಲಿ ನಿಂತು ನಿಗದಿ ಮಾಡಿದಂತೆ ನನಗೆ ಅನ್ನಿಸಿತು. ಈ ಬೆಟ್ಟದ ಕೆಲವು ಹಳ್ಳಿಗಳಲ್ಲಿ ಹಿಮಗಾಳಿಯ ಗಂಟೆಗೋಪುರಗಳೂ ಇವೆ. ಹಿಮ ಬೀಸುವಾಗ ದಾರಿ ತಪ್ಪಿದವರಿಗೆ ದಿಕ್ಕು ತಿಳಿಯಲೆಂದು ಹಳ್ಳಿಯವರು ಆ ಗಂಟೆಯನ್ನು ಬಾರಿಸುತ್ತಿದ್ದರು. ಅಂದು ನನ್ನ ತೊಂದರೆ ದಿಕ್ಕಿನದಲ್ಲ, ಪಾದರಕ್ಷೆಯದು. ಪೆಡಲಿಗೆ ಕಚ್ಚಿಕೊಳ್ಳುವ ಲೋಹದ ಬಿಲ್ಲೆ ಹೊರಚಾಚಿದ್ದ ಸೈಕಲ್ ಶೂಗಳಲ್ಲೇ ನಡೆಯಲು ಹೊರಟಿದ್ದೆ. ಒದ್ದೆ ಗ್ರಾನೈಟ್ ಕಲ್ಲಿನ ಮೇಲೆ ಆ ಬಿಲ್ಲೆ ಕಿರ್ರೆಂದು ಜಾರಿ, ಶಿಖರದಿಂದ ಇಳಿಯುವಾಗ ಎರಡು ಸಲ ಬಿದ್ದು ಮೊಣಕೈ ತರಚಿಕೊಂಡೆ. ಬೆಟ್ಟ ಹತ್ತುವುದನ್ನೂ ಸೈಕಲ್ಲು ತುಳಿಯುವುದನ್ನೂ ಒಂದೇ ಪ್ರವಾಸದಲ್ಲಿ ಮಾಡುವವರು ಬಿಲ್ಲೆ ಅಟ್ಟೆಯೊಳಗೆ ಹುದುಗಿರುವ ರಬ್ಬರ್ ಅಟ್ಟೆಯ ಶೂಗಳನ್ನೇ ಕೊಳ್ಳಬೇಕು. ನಾನು ಹಿಂದಿರುಗಿದ ವಾರವೇ ಕೊಂಡೆ.

ಸೈಕಲ್ಲಿನ ಬಳಿಗೆ ಬಂದು ಉಳಿದ 120 ಮೀಟರ್ ಏರಿ ಕೋಲ್ ದಾಟುತ್ತಿದ್ದಂತೆ ಮಂಜು ಹಿಂದೆ ಉಳಿಯಿತು. ಬೆವರಿದ ಮೈಗೆ ಇಳಿಜಾರಿನ ಗಾಳಿ ತಾಗಿದರೆ ಬೇಸಿಗೆಯಲ್ಲೂ ನಡುಕ ಹುಟ್ಟುತ್ತದೆ, ಆದ್ದರಿಂದ ನೆತ್ತಿಯಲ್ಲೇ ನಿಂತು ಗಾಳಿತಡೆ ಜಾಕೆಟ್ ತೊಟ್ಟುಕೊಂಡೆ. ಲ ಪೋಂ ದ ಮೋಂವೇರ್‌ವರೆಗಿನ 12 ಕಿ.ಮೀ. ಇಳಿತದಲ್ಲಿ ಬ್ರೇಕನ್ನು ಒತ್ತಿ ಹಿಡಿಯದೆ, ತಿರುವಿಗೆ ಮೊದಲು ಗಟ್ಟಿಯಾಗಿ ಒತ್ತಿ ಪೂರ್ತಿ ಬಿಡುತ್ತಾ ಬಂದೆ. ಹಾಗೆ ಮಾಡಿದರೆ ಚಕ್ರದ ಅಂಚು ಕಾಯುವುದು ಕಡಿಮೆ. ರಸ್ತೆಯ ಎರಡೂ ಬದಿಯಲ್ಲಿ ಹಳದಿ ಹೂ ತುಂಬಿದ ಜನೇ ಪೊದೆಗಳಿದ್ದವು. ಕೆಳಗೆ ತಾರ್ನ್ ನದಿ, ಅದರ ಮೇಲೆ ಗಡಿಯಾರದ ಗೋಪುರವುಳ್ಳ ಹಳೆಯ ಕಲ್ಲಿನ ಸೇತುವೆ. ಮಾಂಸ ತಿನ್ನುವುದಿಲ್ಲ ಎಂದು ಮೊದಲೇ ತಿಳಿಸಿದ್ದರಿಂದ ತಂಗುದಾಣದ ಒಡತಿ ಸೊಪ್ಪಿನ ಮೇಲೆ ಬಿಸಿ ಮಾಡಿದ ಪೆಲಾರ್ದೋಂ ಎಂಬ ಚಿಕ್ಕ ಮೇಕೆಹಾಲಿನ ಚೀಸ್ ಇಟ್ಟುಕೊಟ್ಟರು. ಅದರ ಮೇಲೆ ನಾನು ಚಟ್ನಿಪುಡಿ ಉದುರಿಸಿದ್ದನ್ನು ನೋಡಿ ಒಂದು ಚಿಟಿಕೆ ಕೇಳಿ ಪಡೆದು, ಕಣ್ಣಲ್ಲಿ ನೀರು ತಂದುಕೊಂಡರು.

ಮೂರನೆಯ ದಿನ ಸುಲಭದ್ದು. 1,088 ಮೀಟರಿನ ಕೋಲ್ ದ ಲಾ ಕ್ರುವಾ ದ ಬೆರ್ತೆಲ್‌ವರೆಗೆ ಇನ್ನೂರು ಮೀಟರಿನಷ್ಟು ಏರು, ಅಲ್ಲಿಂದ ಮುಂದೆ ವಿಯಾಲಾಸ್ ಮೂಲಕ ಜೆನೊಲಾಕ್‌ಗೆ ಇಳಿತವೇ ಇಳಿತ. ಅಟ್ಲಾಂಟಿಕ್ಕಿನ ಕಡೆಗೆ ಹೊರಟ ತಾರ್ನ್ ನದಿಯನ್ನು ಹಿಂದೆ ಬಿಟ್ಟು ಮತ್ತೆ ಮೆಡಿಟರೇನಿಯನ್ ಬದಿಗೆ ಬಂದಿದ್ದೆ. ಸ್ವಲ್ಪ ಕೆಳಗಿಳಿದರೆ ಗ್ರಾನೈಟ್ ಕಲ್ಲು ಮುಗಿದು ಪದರಗಲ್ಲು ಶುರುವಾಗುತ್ತದೆ, ಬೋಳು ಹುಲ್ಲಿನ ಜಾಗದಲ್ಲಿ ಚೆಸ್ಟ್‌ನಟ್ ತೋಪುಗಳು ಬರುತ್ತವೆ, ಗಾಳಿ ಬೆಚ್ಚಗಾಗುತ್ತದೆ.

ಜೆನೊಲಾಕ್ ನಿಲ್ದಾಣದಲ್ಲಿ ರೈಲಿಗೆ ಇನ್ನೂ ಇಪ್ಪತ್ತು ನಿಮಿಷವಿತ್ತು. ಕೈಗೆಲ್ಲ ಚೈನಿನ ಎಣ್ಣೆ ಮೆತ್ತಿತ್ತು. ಬೆಳಿಗ್ಗೆ ಲ ಪೋಂ ದ ಮೋಂವೇರ್‌ನ ನಲ್ಲಿಯಲ್ಲಿ ಹಿಡಿದಿದ್ದ ನೀರು ಬಾಟಲಿಯಲ್ಲಿ ಅರ್ಧ ಉಳಿದಿದ್ದರಿಂದ, ಅದರಿಂದಲೇ ಹಳಿಯ ಪಕ್ಕದ ಜಲ್ಲಿಯ ಮೇಲೆ ಕೈ ತೊಳೆದುಕೊಂಡು, ಅಟ್ಲಾಂಟಿಕ್ ಸೇರಬೇಕಾಗಿದ್ದ ಅರ್ಧ ಲೀಟರನ್ನು ಮೆಡಿಟರೇನಿಯನ್ ಕಡೆಗೆ ಕಳಿಸಿದೆ. ನೀಮ್ ಕಡೆಗೆ ಹೋಗುವ ರೈಲು ಬಂದಾಗ ಕೈ ಇನ್ನೂ ಒಣಗಿರಲಿಲ್ಲ.